ಕಂಪ್ಯೂಟರ್ ಬಿಸಿಯಾಗಿ ಆಫ್ ಆಗುತ್ತಿದೆಯೇ? ಫ್ರಿಜ್ ಬೇಡ, ಮೊದಲು ಧೂಳು ನೋಡಿ

“ಲ್ಯಾಪ್‌ಟಾಪ್ ಬಿಸಿಯಾದರೆ ಹತ್ತು ನಿಮಿಷ ಫ್ರಿಜ್‌ನಲ್ಲಿಡಿ”, “ಪ್ರೊಸೆಸರ್ 60 ಡಿಗ್ರಿ ದಾಟಿದರೆ ಸುಟ್ಟೇ ಹೋಗುತ್ತದೆ”. ಬೇಸಿಗೆ ಬಂತೆಂದರೆ ಇಂಥ ಸಂದೇಶಗಳು ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ಬಿಸಿಲು ಕಾಣುವ ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಕಡೆಯವರಿಗೆ ಇದು ತಮಾಷೆಯ ವಿಷಯವಲ್ಲ. ಪಹಣಿ ತೆಗೆಸಲು ಜನ ಸಾಲು ನಿಂತಿರುವಾಗ ಅಂಗಡಿಯ ಕಂಪ್ಯೂಟರ್ ಆಫ್ ಆದರೆ ದಿನದ ದುಡಿಮೆಯೇ ಹೋಗುತ್ತದೆ. “ಮದರ್‌ಬೋರ್ಡ್ ಹೋಗಿದೆ” ಎಂದು ಸಾವಿರಾರು ರೂಪಾಯಿ ಸುರಿಯುವ ಮೊದಲು ಒಳಗೆ ಏನಾಗುತ್ತಿದೆ ಎಂದು ತಿಳಿದುಕೊಳ್ಳೋಣ.

ಬಿಸಿ ಎಲ್ಲಿಂದ ಬರುತ್ತದೆ?

ಪ್ರೊಸೆಸರ್ ಬಳಸುವ ವಿದ್ಯುತ್ತು ಹೆಚ್ಚುಕಡಿಮೆ ಪೂರ್ತಿಯಾಗಿ ಶಾಖವಾಗಿಯೇ ಹೊರಬರುತ್ತದೆ. ಆ ಶಾಖ ಚಿಪ್‌ನಿಂದ ಥರ್ಮಲ್ ಪೇಸ್ಟ್‌ಗೆ, ಅಲ್ಲಿಂದ ಹೀಟ್‌ಸಿಂಕ್ ಎಂಬ ಲೋಹದ ಪಟ್ಟಿಗಳಿಗೆ ಹರಿಯುತ್ತದೆ. ಫ್ಯಾನ್ ಅದನ್ನು ಕೋಣೆಯ ಗಾಳಿಗೆ ತಳ್ಳುತ್ತದೆ. ಈ ದಾರಿಯಲ್ಲಿ ಎಲ್ಲೇ ಅಡ್ಡಿಯಾದರೂ ಶಾಖ ಚಿಪ್‌ನಲ್ಲೇ ಉಳಿಯುತ್ತದೆ.

ನಮ್ಮ ಕಡೆ ಎರಡು ಅಡ್ಡಿಗಳಿವೆ. ಮೊದಲನೆಯದು ಕೋಣೆಯ ಬಿಸಿ. ಫ್ಯಾನ್ ಎಷ್ಟೇ ಜೋರಾಗಿ ತಿರುಗಿದರೂ ಪ್ರೊಸೆಸರನ್ನು ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ಬೆಳಿಗ್ಗೆ ಕೋಣೆ 28 ಡಿಗ್ರಿ ಇದ್ದಾಗ ಪ್ರೊಸೆಸರ್ 75 ಡಿಗ್ರಿ ಇತ್ತು ಎನ್ನಿ. ಮಧ್ಯಾಹ್ನ ಕೋಣೆ 41 ಡಿಗ್ರಿಯಾದರೆ, ಅದೇ ಕೆಲಸಕ್ಕೆ ಪ್ರೊಸೆಸರ್ ಸುಮಾರು 88 ಡಿಗ್ರಿಗೆ ಏರುತ್ತದೆ. ಹಂಪಿಯ ಬಂಡೆಗಳು ಸಂಜೆಯಾದರೂ ಬೆಚ್ಚಗಿರುವಂತೆ, ಕಾಂಕ್ರೀಟ್ ಛಾವಣಿಯೂ ಹಗಲಿನ ಶಾಖವನ್ನು ರಾತ್ರಿಯವರೆಗೆ ಬಿಡುತ್ತಲೇ ಇರುತ್ತದೆ.

ಎರಡನೆಯದು ಧೂಳು. ಸಂಡೂರಿನ ಕಬ್ಬಿಣದ ಅದಿರಿನ ಕೆಂಪು ಧೂಳು, ಕಂಪ್ಲಿಯ ಭತ್ತದ ಕೊಯ್ಲಿನ ಹೊಟ್ಟು, ಹೊಸಪೇಟೆಯ ರಸ್ತೆ ಧೂಳು ಎಲ್ಲವೂ ಫ್ಯಾನ್ ಮೂಲಕ ಒಳಹೊಕ್ಕು ಹೀಟ್‌ಸಿಂಕ್‌ನ ಸಂದುಗಳಲ್ಲಿ ಕಂಬಳಿಯಂತೆ ಕೂರುತ್ತವೆ. ಡಿಸೆಂಬರ್‌ನಲ್ಲಿ ಹೇಗೋ ಓಡಿದ ಕಂಪ್ಯೂಟರ್ ಮೇ ತಿಂಗಳಲ್ಲಿ ಕೈಕೊಡುವುದು ಇದಕ್ಕೇ.

ಫಾರ್ವರ್ಡ್‌ಗಳಲ್ಲಿ ನಿಜವೆಷ್ಟು?

60 ಡಿಗ್ರಿಗೆ ಸುಡುತ್ತದೆಯೇ? ಇಲ್ಲ. ಇಂದಿನ ಹೆಚ್ಚಿನ ಪ್ರೊಸೆಸರ್‌ಗಳ ಮಿತಿ ಸುಮಾರು 95ರಿಂದ 105 ಡಿಗ್ರಿ. ಮಿತಿ ಹತ್ತಿರವಾದಾಗ ಪ್ರೊಸೆಸರ್ ತಾನೇ ವೇಗ ತಗ್ಗಿಸುತ್ತದೆ. ಅದಕ್ಕೂ ಬಗ್ಗದಿದ್ದರೆ ಕಂಪ್ಯೂಟರ್ ಆಫ್ ಆಗುತ್ತದೆ. ಹಾಗೆ ಆಫ್ ಆಗುವುದು ಚಿಪ್ ಸುಡದಂತೆ ಮಾಡಿರುವ ಕಾವಲು.

ಫ್ರಿಜ್‌ನಲ್ಲಿಡಬಹುದೇ? ಬೇಡ. ತಣ್ಣೀರಿನ ಲೋಟದ ಹೊರಮೈ ಬೆವರುವುದನ್ನು ನೋಡಿದ್ದೀರಲ್ಲ? ತಣ್ಣಗಾದ ಲ್ಯಾಪ್‌ಟಾಪನ್ನು ಹೊರತೆಗೆದಾಗ ಅದರ ಸರ್ಕ್ಯೂಟ್ ಮೇಲೂ ಹಾಗೆಯೇ ನೀರು ಕೂತು ಶಾರ್ಟ್ ಆಗಬಹುದು. ಒದ್ದೆ ಬಟ್ಟೆ, ಐಸ್ ಕೂಡ ಬೇಡ. ಕೋಣೆಗೆ ಏರ್ ಕೂಲರ್ ಹಾಕಿದರೆ ಉಪಯೋಗವಿದೆ, ಆದರೆ ಅದರ ನೀರಹನಿ ಕಂಪ್ಯೂಟರ್‌ಗೆ ತಾಗದಿರಲಿ.

ಥರ್ಮಲ್ ಪೇಸ್ಟ್ ಬದಲು ಟೂತ್‌ಪೇಸ್ಟ್? ಮೊದಮೊದಲು ಕೆಲಸ ಮಾಡಿದಂತೆ ಕಾಣುತ್ತದೆ. ಅದರ ನೀರಿನಂಶ ಒಣಗಿದ ಮೇಲೆ ಬಿರುಕು ಬಿಟ್ಟು ಶಾಖಕ್ಕೇ ಅಡ್ಡಿಯಾಗುತ್ತದೆ.

ಡಬ್ಬಿಯ ಬಾಗಿಲು ತೆಗೆದು ಟೇಬಲ್ ಫ್ಯಾನ್ ಇಟ್ಟರೆ? ಆ ಹೊತ್ತಿಗೆ ತಂಪಾಗುತ್ತದೆ ನಿಜ, ಆದರೆ ಧೂಳು ಇನ್ನೂ ಬೇಗ ತುಂಬುತ್ತದೆ.

ಏನು ಮಾಡಬೇಕು?

1. ಮೊದಲು ಬಿಸಿಯೇ ಕಾರಣವೇ ಎಂದು ನೋಡಿ. ಬೆಳಗಿನ ತಂಪಿನಲ್ಲಿ ಚೆನ್ನಾಗಿ ಓಡಿ ಮಧ್ಯಾಹ್ನ ಆಫ್ ಆಗುತ್ತಿದ್ದರೆ ಬಿಸಿಯ ಅನುಮಾನ ಸರಿ. ಬಯೋಸ್‌ನಲ್ಲಿ ಅಥವಾ ಉಷ್ಣಾಂಶ ತೋರಿಸುವ ಉಚಿತ ತಂತ್ರಾಂಶದಲ್ಲಿ 60 ಡಿಗ್ರಿಯಷ್ಟೇ ಇರುವಾಗಲೂ ಆಫ್ ಆದರೆ ಎಸ್‌ಎಂಪಿಎಸ್, ರ್‍ಯಾಮ್ ಅಥವಾ ವೋಲ್ಟೇಜ್ ಏರಿಳಿತವನ್ನು ಪರೀಕ್ಷಿಸಿಸಿ.

2. ಏನೂ ಕೆಲಸ ಮಾಡದಿದ್ದರೂ ಟಾಸ್ಕ್ ಮ್ಯಾನೇಜರ್‌ನಲ್ಲಿ ಸಿಪಿಯು ಬಳಕೆ ಸದಾ 90 ಶೇಕಡಾ ತೋರಿಸುತ್ತಿದ್ದರೆ ಯಾವ ಪ್ರೋಗ್ರಾಂ ಎಂದು ನೋಡಿ. ಅಪರಿಚಿತವಾದರೆ ವೈರಸ್ ಇರಬಹುದು.

3. ಕಂಪ್ಯೂಟರ್ ಆಫ್ ಮಾಡಿ, ಪ್ಲಗ್ ತೆಗೆದು, ಮನೆಯ ಹೊರಗೆ ಬ್ಲೋವರ್‌ನಿಂದ ಧೂಳು ಊದಿ. ಫ್ಯಾನ್ ರೆಕ್ಕೆಯನ್ನು ಬೆರಳಲ್ಲಿ ಹಿಡಿದಿರಿ, ಗಾಳಿಯ ರಭಸಕ್ಕೆ ಗಿರಗಿರನೆ ತಿರುಗಿದರೆ ಅದರ ಬೇರಿಂಗ್ ಹಾಳಾಗಬಹುದು. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ.

4. ಧೂಳು ತೆಗೆದರೂ ಬಿಸಿ ಇಳಿಯದಿದ್ದರೆ ಫ್ಯಾನ್ ತಿರುಗುತ್ತಿದೆಯೇ, ಹೀಟ್‌ಸಿಂಕ್ ಸಡಿಲವಾಗಿದೆಯೇ ನೋಡಿಸಿ. ಎಲ್ಲ ಸರಿಯಿದ್ದರೆ ಹಳೆಯ ಪೇಸ್ಟ್ ಒರೆಸಿ ಹೊಸದು ಹಾಕಿಸಿ. ಡೆಸ್ಕ್‌ಟಾಪ್‌ಗೆ ಸಣ್ಣ ಬಟಾಣಿ ಕಾಳಿನಷ್ಟು ಸಾಕು.

5. ಲ್ಯಾಪ್‌ಟಾಪನ್ನು ಹಾಸಿಗೆ, ದಿಂಬಿನ ಮೇಲಿಡಬೇಡಿ, ಕೆಳಗಿನ ಗಾಳಿಕಿಂಡಿ ಮುಚ್ಚಿಹೋಗುತ್ತದೆ. ಡೆಸ್ಕ್‌ಟಾಪನ್ನು ಗೋಡೆಗೆ ಒತ್ತಿ ಇಡಬೇಡಿ.

ಇದೊಂದನ್ನು ಮಾತ್ರ ಮರೆಯಬೇಡಿ

ಲ್ಯಾಪ್‌ಟಾಪ್ ಅಥವಾ ಮೊಬೈಲ್‌ನ ಬ್ಯಾಟರಿ ಉಬ್ಬಿದ್ದರೆ ಅದು ಧೂಳಿನ ಸಮಸ್ಯೆಯಲ್ಲ. ಕೂಡಲೇ ಚಾರ್ಜ್ ನಿಲ್ಲಿಸಿ, ಬಳಸಬೇಡಿ. ಅದನ್ನು ಒತ್ತುವುದು, ಚುಚ್ಚುವುದು ಮಾಡಿದರೆ ಬೆಂಕಿ ಹತ್ತಬಹುದು. ತಿಳಿದವರಿಂದ ಬದಲಾಯಿಸಿಕೊಳ್ಳಿ.

ಪ್ರೊಸೆಸರ್ ಬಿಸಿಯಾದರೆ ತನ್ನನ್ನು ತಾನೇ ಆಫ್ ಮಾಡಿಕೊಳ್ಳುತ್ತದೆ, ಉಬ್ಬಿದ ಬ್ಯಾಟರಿಯನ್ನು ಮಾತ್ರ ನಾವೇ ನೋಡಿಕೊಳ್ಳಬೇಕು. ಮುಂದಿನ ಸಲ ಫ್ರಿಜ್‌ನ ಫಾರ್ವರ್ಡ್ ಬಂದಾಗ ಅದನ್ನು ಕಳಿಸಿದವರಿಗೆ ಈ ಮಾತನ್ನು ತಿಳಿಸಿ.