ತೆರೆಯ ಮೇಲಿನ ಹಸೀನಾ ಮತ್ತು ನಮ್ಮ ಜಮಾಅತ್

ಕೃತಿಯೊಂದು ತೆರೆಗೆ ಬಂದಾಗ ಅದು ಮೂಲದ ಪಡಿಯಚ್ಚಾಗಿ ಉಳಿಯುವುದಿಲ್ಲ. ಮಂಡ್ಯ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿಯವರ 'ಮೈಸೂರ ಮಲ್ಲಿಗೆ' 1942ರಲ್ಲಿ ಪ್ರಕಟವಾದ ದಾಂಪತ್ಯ ಪ್ರೇಮದ ಕವನ ಸಂಕಲನ. ಟಿ.ಎಸ್. ನಾಗಾಭರಣರು ಅದನ್ನು ಚಲನಚಿತ್ರವಾಗಿಸಿದಾಗ ಆ ಕವನಗಳ ನಡುವೆ ಸ್ವಾತಂತ್ರ್ಯ ಹೋರಾಟದ ಕಥೆಯೊಂದನ್ನು ಹೆಣೆದರು. ಕವಿತೆ ಬೇರೆ, ಸಿನಿಮಾ ಬೇರೆ ಎಂಬ ವಿವೇಕವಿದ್ದವರು ಎರಡನ್ನೂ ಸವಿಯಬಲ್ಲರು.

ಆದರೆ ತೆರೆಯ ಮೇಲೆ ಮುಸ್ಲಿಮ್ ಮನೆಯೊಂದು ಕಾಣಿಸಿಕೊಂಡರೆ ಈ ವಿವೇಕ ನಮ್ಮಲ್ಲಿ ಉಳಿಯುತ್ತದೆಯೇ? ಸಮುದಾಯದ ಮಾನ ಕಳೆಯಲೆಂದೇ ಮಾಡಿದ ಚಿತ್ರವಿದು ಎಂದು, ಚಿತ್ರವನ್ನು ನೋಡದೆ, ಮೂಲ ಕಥೆಯನ್ನು ಓದದೆ ತೀರ್ಪು ನೀಡುವವರಿಗೆ ನಮ್ಮಲ್ಲಿ ಕೊರತೆಯಿಲ್ಲ.

ಗಿರೀಶ್ ಕಾಸರವಳ್ಳಿಯವರ 'ಹಸೀನಾ' (2004) ಇದಕ್ಕೊಂದು ನಿದರ್ಶನ. ಹಾಸನದ ಬಾನು ಮುಷ್ತಾಕ್ ಅವರ 'ಕರಿ ನಾಗರಗಳು' ಕಥೆ ಅದರ ಆಧಾರ. ಹೆಣ್ಣುಮಕ್ಕಳನ್ನೇ ಹೆತ್ತಳೆಂಬ ಕಾರಣಕ್ಕೆ ಆಟೋ ಚಾಲಕನಾದ ಗಂಡ ಹೆಂಡತಿಯನ್ನು ತೊರೆಯುತ್ತಾನೆ. ಆಕೆ ಜೀವನಾಂಶ ಕೇಳಿ ಮುತವಲ್ಲಿಯ ಮುಂದೆ ನಿಲ್ಲುತ್ತಾಳೆ. ವಿಚಾರಣೆ ಮುಂದೆ ಮುಂದೆ ಹೋಗುತ್ತದೆ. ಕೊನೆಗೆ ಮಸೀದಿಯ ಅಂಗಳದಲ್ಲಿ ಕುಳಿತ ಆಕೆ ತನ್ನ ಮಗುವನ್ನೇ ಕಳೆದುಕೊಳ್ಳುತ್ತಾಳೆ. ಈ ಪಾತ್ರಕ್ಕಾಗಿ ತಾರಾ ಅವರಿಗೆ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ದೊರೆಯಿತು.

ಇಲ್ಲಿ ಇಸ್ಲಾಮಿನ ಅವಹೇಳನ ಎಲ್ಲಿದೆ? ಹೆಣ್ಣು ಮಗು ಹುಟ್ಟಿದ ಸುದ್ದಿ ಕೇಳಿ ಮುಖ ಕಪ್ಪಾಗಿಸಿಕೊಳ್ಳುವವರನ್ನು ಪವಿತ್ರ ಕುರ್‌ಆನ್ ಅನ್ನಹ್ಲ್ ಅಧ್ಯಾಯದಲ್ಲಿ ಖಂಡಿಸಿದೆ. ಗಂಡನಿಂದ ನೊಂದು ಪ್ರವಾದಿಯವರ(ಸ) ಬಳಿ ವಾದಿಸಿದ ಮಹಿಳೆಯ ಅಹವಾಲನ್ನು ಅಲ್ಲಾಹನು ಆಲಿಸಿದನು. ಕುರ್‌ಆನ್‌ನ ಅಧ್ಯಾಯವೊಂದಕ್ಕೆ ಆಕೆಯ ಆ ವಾದದಿಂದಲೇ 'ಅಲ್ ಮುಜಾದಲ' ಎಂಬ ಹೆಸರು ಬಂತು. ಹೀಗಿರುವಾಗ ಹಸೀನಾಳ ಅಹವಾಲಿಗೆ ಕಿವಿಗೊಡದ ಮುತವಲ್ಲಿಯನ್ನು ಪ್ರಶ್ನಿಸುವುದು ಧರ್ಮವನ್ನು ಪ್ರಶ್ನಿಸಿದಂತೆ ಆಗುವುದು ಹೇಗೆ?

ಹಾಗೆಂದು ಸಮುದಾಯದ ಆತಂಕವನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಮದ್ದೂರು ತಾಲೂಕಿನ ಗೆಜ್ಜಲಗೆರೆಯನ್ನೇ ತೆಗೆದುಕೊಳ್ಳಿ. ಮಂಡ್ಯ ಹಾಲು ಒಕ್ಕೂಟದ ಡೇರಿಯಿಂದ ಹೆಸರಾದ ಊರದು. ಇಂತಹ ಊರುಗಳ ಸಹೋದರ ಸಮುದಾಯದವರು ನಮ್ಮನ್ನು ಬಸ್ಸಿನಲ್ಲಿ, ಅಂಗಡಿಯಲ್ಲಿ, ಕೆಲಸದ ಜಾಗದಲ್ಲಿ ಬಲ್ಲರು. ಆದರೆ ನಮ್ಮ ಮನೆಯೊಳಗಿನ ಬದುಕನ್ನು ಅಷ್ಟಾಗಿ ಅರಿಯರು. ತೆರೆಯ ಮೇಲೆ ಕಂಡ ಒಬ್ಬ ಗಂಡನನ್ನೇ ಎಲ್ಲ ಗಂಡಂದಿರ ಪ್ರತಿನಿಧಿಯೆಂದು ಅವರು ಭಾವಿಸುವ ಅಪಾಯ ಇದ್ದೇ ಇದೆ.

ಆದರೆ ಇದೇ ನಿರ್ದೇಶಕರು 2008ರಲ್ಲಿ 'ಗುಲಾಬಿ ಟಾಕೀಸು' ಮಾಡಿದರು. ವೈದೇಹಿಯವರ ಕಥೆಯ ಸೂಲಗಿತ್ತಿ ಲಿಲ್ಲಿಬಾಯಿ ಚಿತ್ರದಲ್ಲಿ ಮುಸ್ಲಿಮಳಾದ ಗುಲಾಬಿಯಾದಳು. ಕಥೆಯ ಚಿತ್ರಮಂದಿರದ ಜಾಗಕ್ಕೆ ಟಿ.ವಿ. ಬಂತು. ಆಕೆಯ ಮನೆಯಲ್ಲಿ ಟಿ.ವಿ. ನೋಡಲು ನೆರೆಯ ಹೆಂಗಸರು ಸೇರುತ್ತಿದ್ದರು. ಕಾರ್ಗಿಲ್ ಯುದ್ಧದ ದಿನಗಳಲ್ಲಿ ಹಬ್ಬಿದ ಸಂಶಯಕ್ಕೆ ಸಿಲುಕಿ ಆಕೆ ಊರನ್ನೇ ಬಿಡಬೇಕಾಯಿತು. ಉಮಾಶ್ರೀ ಅವರಿಗೆ ರಾಷ್ಟ್ರಪ್ರಶಸ್ತಿ ತಂದ ಈ ಪಾತ್ರ ಬಹುಸಂಖ್ಯಾತರ ಮನಸ್ಸಾಕ್ಷಿಯನ್ನು ಕೆಣಕುತ್ತದೆ. ಮೂಲ ಕಥೆಯಲ್ಲಿ ಈ ನೋವಿರಲಿಲ್ಲ. ಅದನ್ನು ಸೇರಿಸಿದ್ದು ಸಿನಿಮಾ. ಗುಲಾಬಿಗೆ ಆದ ಅನ್ಯಾಯವನ್ನು ಮೆಚ್ಚುಗೆಯಿಂದ ಉಲ್ಲೇಖಿಸುವ ನಾವು ಹಸೀನಾಳಿಗೆ ಆದ ಅನ್ಯಾಯ ಕಂಡಾಗ ಮುಖ ತಿರುಗಿಸುವುದು ಯಾವ ನ್ಯಾಯ?

ಅಂದಹಾಗೆ, 'ಕರಿ ನಾಗರಗಳು' ಕಥೆಯೂ ಸೇರಿದಂತೆ ಬಾನು ಮುಷ್ತಾಕ್ ಅವರ ಹನ್ನೆರಡು ಕಥೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದರು. ಆ 'ಹಾರ್ಟ್ ಲ್ಯಾಂಪ್' ಸಂಕಲನಕ್ಕೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಹೊರಜಗತ್ತು ಓದಿದ ಕಥೆಯನ್ನು ನಮ್ಮ ಮನೆಗಳು ಓದದಿರುವುದು ಶೋಭೆಯಲ್ಲ. ಮೊದಲು ಕಥೆ ಓದಬೇಕು, ಆಮೇಲೆ ಮನೆಮಂದಿ ಒಟ್ಟಿಗೆ ಕುಳಿತು ಚಿತ್ರ ನೋಡಬೇಕು. ನಿರ್ದೇಶಕ ಏನನ್ನು ಬಿಟ್ಟ, ಏನನ್ನು ಸೇರಿಸಿದ ಎಂದು ಮಕ್ಕಳೊಡನೆ ಚರ್ಚಿಸಬೇಕು. ತಪ್ಪು ಕಂಡಲ್ಲಿ ಆಧಾರ ಸಹಿತ ಬರೆಯಬೇಕು. ನಮ್ಮ ಯುವಕ ಯುವತಿಯರೇ ಕಥೆ, ನಾಟಕ, ಚಿತ್ರಗಳನ್ನು ರಚಿಸಿದರೆ ಅದಕ್ಕಿಂತ ದೊಡ್ಡ ಉತ್ತರ ಬೇರೊಂದಿಲ್ಲ.

ಅಷ್ಟಕ್ಕೂ ಸಮುದಾಯದ ಮಾನ ಹೋಗುವುದು ಚಿತ್ರ ತೋರಿಸಿದ್ದರಿಂದಲ್ಲ. ಅಂತಹ ತಾಯಿಯೊಬ್ಬಳು ನಾಳೆ ನಮ್ಮ ಮೊಹಲ್ಲಾದ ಮಸೀದಿಯ ಬಾಗಿಲಿಗೆ ಬಂದರೆ ಆಕೆಯ ಮಾತನ್ನು ಅಂದೇ ಆಲಿಸುವ ವ್ಯವಸ್ಥೆ ನಮ್ಮ ಜಮಾಅತಿನಲ್ಲಿದೆಯೇ? ಆ ವ್ಯವಸ್ಥೆ ಇಲ್ಲವೆಂದಾದರೆ ಮಾನ ಹೋಗುವುದು ಅಲ್ಲಿ.