ಕಿವಿ ಕೆಟ್ಟರೆ ಯಾರ ಹೊಣೆ?

ಹೋದ ತಿಂಗಳು ನಮ್ಮ ಸಂಘದ ಕಚೇರಿಗೆ ಒಬ್ಬ ಹುಡುಗ ಬಂದ. ಕಲಬುರಗಿ ಕಡೆಯವನು, ಇಪ್ಪತ್ತೆಂಟರ ಪ್ರಾಯ. ಹೋಟೆಲೊಂದರಲ್ಲಿ ಮಾಣಿಯಾಗಿದ್ದವನನ್ನು ಧನಿಗಳು ಲೆಕ್ಕ ತೀರಿಸಿ ಕಳಿಸಿದ್ದರು. ಅಪರಾಧವೇನು? ಏಳನೆಯ ಮೇಜಿನ ದೋಸೆಯನ್ನು ಎಂಟನೆಯ ಮೇಜಿಗೆ ಇಟ್ಟದ್ದು. ಅದೂ ಒಂದು ಸಲವಲ್ಲ, ದಿನಕ್ಕೆ ನಾಲ್ಕು ಸಲ. “ಲಕ್ಷ್ಯವಿಲ್ಲ, ಹಿಂದಿನಿಂದ ಕರೆದರೆ ತಿರುಗಿಯೂ ನೋಡುವುದಿಲ್ಲ, ಸೊಕ್ಕು” ಎಂಬುದು ಧನಿಗಳ ದೂರು. ಹುಡುಗ ಹೇಳಿದ್ದು ಇಷ್ಟೆ: “ಅಣ್ಣಾ, ಒಳಗಿಂದ ಸಾತ್ ಅಂತ ಕೂಗಿದ್ರೂ ನನಗ ಆಠ್ ಅಂತನ ಕೇಳಸ್ತದ್ರಿ. ನಾ ಬೇಕಂತ ಮಾಡಿಲ್ಲ.”

ವಿಚಾರಿಸಿದಾಗ ತಿಳಿಯಿತು. ಹೋಟೆಲಿಗೆ ಬರುವ ಮೊದಲು ಅವನು ಭಿವಂಡಿಯ ಪವರ್‌ಲೂಮ್ ಷೆಡ್ಡಿನಲ್ಲಿ ಆರು ವರ್ಷ, ಹನ್ನೆರಡು ಗಂಟೆಯ ಪಾಳಿಯಲ್ಲಿ ದುಡಿದಿದ್ದ. ಅವನನ್ನು ಸರಕಾರಿ ಆಸ್ಪತ್ರೆಯ ಕಿವಿಯ ವಿಭಾಗಕ್ಕೆ ಕರೆದುಕೊಂಡು ಹೋದೆ. ಮುಚ್ಚಿದ ಕೋಣೆಯಲ್ಲಿ ಕೂಡಿಸಿ, ಒಂದೊಂದೇ ಸ್ವರ ಕೇಳಿಸಿ ಪರೀಕ್ಷಿಸಿದರು. ತಗ್ಗಿನ ಸ್ವರ ಕೇಳುತ್ತದೆ, ಏರಿನ ಸ್ವರ ಕೇಳುವುದಿಲ್ಲ. “ಗದ್ದಲದಿಂದ ಕೆಟ್ಟ ಕಿವಿ, ಇದಕ್ಕೆ ಔಷಧಿಯಿಲ್ಲ” ಎಂದರು ವೈದ್ಯರು. ಮೇಜಿನ ಮೇಲೆ ಕಿವಿಯದೊಂದು ದೊಡ್ಡ ಬೊಂಬೆಯಿತ್ತು. ನಾನು ಕೇಳಿದ್ದಕ್ಕೆ ಅವರು ಅದನ್ನು ಬಿಚ್ಚಿ ತೋರಿಸಿದರು. ನಾನು ಓದಿದವನು ಏಳನೆಯ ಇಯತ್ತೆಯವರೆಗೆ. ಆದರೂ ನನಗೆ ತಿಳಿದಷ್ಟನ್ನು ಬಂಧುಗಳಿಗೆ ತಿಳಿಸುವುದು ಕರ್ತವ್ಯವೆಂದು ಬರೆಯುತ್ತಿದ್ದೇನೆ.

ಹೊರಗೆ ಕಾಣುವ ಕಿವಿ ಶಬ್ದವನ್ನು ಹಿಡಿದು ಒಳಗೆ ಕಳಿಸುವ ಮೊರ ಮಾತ್ರ. ಒಳಗೆ ಸುಮಾರು ಎರಡೂವರೆ ಸೆಂಟಿಮೀಟರು ಉದ್ದದ ಓಣಿಯಿದೆ. ಅದರ ಕೊನೆಗೆ ತಮಟೆಯ ತೊಗಲಿನ ಹಾಗೆ ಬಿಗಿದ ತೆಳ್ಳನೆಯ ಪೊರೆ. ಪೊರೆಯ ಹಿಂದೆ ಮೂರು ಎಲುಬುಗಳು ಒಂದಕ್ಕೊಂದು ತಗುಲಿಕೊಂಡಿವೆ. ಆಕಾರ ನೋಡಿ ಸುತ್ತಿಗೆ, ಅಡಿಗಲ್ಲು, ರಿಕಾಪು ಎಂದು ಹೆಸರಿಟ್ಟಿದ್ದಾರೆ. ರಿಕಾಪು ನಮ್ಮ ದೇಹದಲ್ಲೆಲ್ಲ ಅತಿ ಚಿಕ್ಕ ಎಲುಬು. ಮೂರು ಮಿಲಿಮೀಟರು, ಎಂದರೆ ಅರ್ಧ ಅಕ್ಕಿಕಾಳಿನಷ್ಟು. ಗಾಳಿಯಲ್ಲಿ ಬಂದ ಶಬ್ದ ಪೊರೆಯನ್ನು ನಡುಗಿಸುತ್ತದೆ, ಪೊರೆ ಈ ಎಲುಬುಗಳನ್ನು ಆಡಿಸುತ್ತದೆ. ಅಗಲವಾದ ಪೊರೆಗೆ ಬಿದ್ದ ಒತ್ತಡವೆಲ್ಲ ಚಿಕ್ಕದೊಂದು ಕಿಂಡಿಯ ಮೇಲೆ ಬೀಳುವುದರಿಂದ ಅದರ ಬಲ ಸುಮಾರು ಇಪ್ಪತ್ತು ಪಾಲು ಹೆಚ್ಚುತ್ತದೆ. ಹಾಗೆ ಹೆಚ್ಚದಿದ್ದರೆ ಶಬ್ದ ಒಳಗಿನ ನೀರಿಗೆ ತಾಗಿ ಹಿಂದಕ್ಕೇ ಪುಟಿಯುತ್ತಿತ್ತು.

ಒಳಗೆ ನೀರು ತುಂಬಿದ, ಎರಡೂವರೆ ಸುತ್ತಿನ, ಬಸವನಹುಳುವಿನ ಚಿಪ್ಪಿನಂಥ ಕೊಳವೆಯಿದೆ. ಕೇಳುವ ಕೆಲಸವೆಲ್ಲ ನಡೆಯುವುದು ಅಲ್ಲಿ. ಆ ಸುರುಳಿಯ ಉದ್ದಕ್ಕೂ ಸಾಲಾಗಿ ಸುಮಾರು ಹದಿನೈದು ಸಾವಿರ ಜೀವಕೋಶಗಳು, ಅವುಗಳ ತಲೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಕೂದಲು. ನೀರು ಅಲುಗಿದರೆ ಕೂದಲು ಬಾಗುತ್ತದೆ, ಕೂದಲು ಬಾಗಿದರೆ ನರದ ಮೂಲಕ ಮಿದುಳಿಗೆ ಸುದ್ದಿ ಮುಟ್ಟುತ್ತದೆ. ಸುರುಳಿಯ ಬಾಗಿಲ ಬಳಿಯ ಕೋಶಗಳು ಏರಿನ ಸ್ವರಕ್ಕೆ, ತುದಿಯವು ತಗ್ಗಿನ ಸ್ವರಕ್ಕೆ. ಯಾವ ಸ್ವರಕ್ಕೆ ಸುರುಳಿಯ ಯಾವ ಜಾಗ ಅಲುಗುತ್ತದೆ ಎಂಬುದನ್ನು ಪ್ರಯೋಗ ಮಾಡಿ ತೋರಿಸಿದ ಬೆಕೆಶಿ ಎಂಬ ಹಂಗೇರಿಯ ವಿಜ್ಞಾನಿಗೆ 1961ರಲ್ಲಿ ನೊಬೆಲ್ ಬಹುಮಾನ ಬಂತು.

ನಮ್ಮ ಹುಡುಗನ ಸಾತ್ ಮತ್ತು ಆಠ್‌ಗಳ ಗುಟ್ಟು ಇಲ್ಲಿಯೇ ಇದೆ. ಗದ್ದಲಕ್ಕೆ ಮೊದಲು ಬಲಿಯಾಗುವುವು ಏರಿನ ಸ್ವರದ ಕೋಶಗಳು. ಮಾತಿನಲ್ಲಿ ‘ಆ’ಕಾರ, ‘ಓ’ಕಾರಗಳು ತಗ್ಗಿನಲ್ಲಿವೆ, ‘ಸ’, ‘ಶ’, ‘ತ’ ಮುಂತಾದವು ಏರಿನಲ್ಲಿವೆ. ‘ಸಾತ್’ ಎಂಬುದರ ‘ಸ’ ಕಳೆದುಹೋದರೆ ಉಳಿಯುವುದು ‘ಆ’ ಮಾತ್ರ. ಇಂಥವನಿಗೆ ನೀವು ಮಾತಾಡುವುದು ಕೇಳುತ್ತದೆ, ಏನೆಂದಿರಿ ಎಂಬುದು ತಿಳಿಯುವುದಿಲ್ಲ. ಅದನ್ನೇ ನಾವು ಅಲಕ್ಷ್ಯವೆನ್ನುತ್ತೇವೆ, ಧನಿಗಳು ಸೊಕ್ಕು ಎನ್ನುತ್ತಾರೆ.

ಕೋಳಿಯ ಕಿವಿಯಲ್ಲಿ ಈ ಕೋಶಗಳು ಸತ್ತರೆ ಮತ್ತೆ ಹುಟ್ಟುತ್ತವೆಯಂತೆ. ಮನುಷ್ಯನಿಗೆ ಆ ಭಾಗ್ಯವಿಲ್ಲ. ಹುಟ್ಟುವಾಗ ತಂದ ಬಂಡವಾಳವೇ ಕೊನೆಯವರೆಗೆ. ಕಿವಿಗೆ ಯಂತ್ರ ಇಟ್ಟುಕೊಂಡರೆ ಶಬ್ದ ದೊಡ್ಡದಾದೀತು, ಉಪಯೋಗವೂ ಆದೀತು. ಆದರೆ ಸತ್ತ ಕೋಶ ಬದುಕದು. ಮೋಸವೇನೆಂದರೆ, ಮೊದಮೊದಲು ಪಾಳಿ ಮುಗಿಸಿ ಬಂದಾಗ ಕಿವಿ ಗುಂಯ್ ಎನ್ನುತ್ತದೆ, ಮಂದವಾಗುತ್ತದೆ, ಮಲಗಿ ಎದ್ದರೆ ಸರಿಹೋಗುತ್ತದೆ. ಸರಿಹೋಯಿತೆಂದು ನಾವು ಮರೆಯುತ್ತೇವೆ. ಕಿವಿ ಮರೆಯುವುದಿಲ್ಲ.

ಇದು ಹೊಸ ಸಂಗತಿಯೇನಲ್ಲ. ಮುನ್ನೂರು ವರ್ಷಗಳ ಹಿಂದೆಯೇ ಇಟಲಿಯ ರಾಮತ್ಸೀನಿ ಎಂಬ ವೈದ್ಯ, ದಿನವಿಡೀ ತಾಮ್ರ ಬಡಿಯುವವರು ಕಿವುಡರಾಗುವುದನ್ನು ಬರೆದಿಟ್ಟ. ಇಂಗ್ಲೆಂಡಿನ ಲ್ಯಾಂಕಶೈರ್ ಗಿರಣಿಗಳ ಹೆಂಗಸರು ಮಗ್ಗದ ಸದ್ದಿನಲ್ಲಿ ತುಟಿಯ ಚಲನೆ ನೋಡಿಯೇ ಮಾತಾಡಿಕೊಳ್ಳುತ್ತಿದ್ದರು. ನಮ್ಮಲ್ಲಿಯೂ, 1982ರ ಮುಷ್ಕರಕ್ಕೆ ಮೊದಲು ಮುಂಬಯಿಯ ಗಿರಣಿಗಳ ಸಾಂಚಾ ಖಾತೆಯಲ್ಲಿ ದುಡಿದ ಹಿರಿಯರು ಸಂಘದ ಸಭೆಗೆ ಬರುತ್ತಾರೆ. ಠರಾವಿಗೆ ಕೈ ಎತ್ತಬೇಕಾದಾಗ ಪಕ್ಕದವರ ಕೈ ನೋಡಿ ತಾವೂ ಎತ್ತುತ್ತಾರೆ. ವಯಸ್ಸಾಯಿತೆಂದು ನಾವು ನಗುತ್ತೇವೆ. ವಯಸ್ಸೊಂದೇ ಅಲ್ಲ ಬಂಧುಗಳೇ, ಅದು ಗಿರಣಿಗೆ ಸಂದ ಕಿವಿ!

ಕಾಯಿದೆ ಏನು ಹೇಳುತ್ತದೆ? 1948ರ ಕಾರ್ಖಾನೆ ಕಾಯಿದೆಯ ಮೂರನೆಯ ಅನುಸೂಚಿಯಲ್ಲಿ, ಗದ್ದಲದಿಂದ ಕಿವಿ ಕೆಡುವುದನ್ನು ಉದ್ಯೋಗದ ರೋಗವೆಂದು ಸೇರಿಸಿದರು. 2020ರ ಸಂಹಿತೆಯ ಪಟ್ಟಿಯಲ್ಲಿಯೂ ಅದು ಉಳಿದಿದೆ. ಕಾರ್ಖಾನೆಗಳಿಗೆ ಹಾಕಿದ ಮಿತಿ ಹೀಗೆ: 90 ಡೆಸಿಬೆಲ್ ಶಬ್ದದಲ್ಲಿ 8 ಗಂಟೆ, 95ರಲ್ಲಿ 4 ಗಂಟೆ, 100ರಲ್ಲಿ 2 ಗಂಟೆ. ಅಂಕಿ ನೋಡಿ ಅಲ್ಪವೆಂದು ತಿಳಿಯಬಾರದು. 100 ಎಂದರೆ 90ರ ಹತ್ತು ಪಾಲು ಶಕ್ತಿ. ಲಾಳಿಯ ಮಗ್ಗಗಳ ಷೆಡ್ಡಿನಲ್ಲಿ 95 ದಾಟುವುದು ಸಾಮಾನ್ಯ. ನಾಲ್ಕು ಗಂಟೆ ತಾಳಬೇಕಾದ ಕಿವಿಯನ್ನು ಅಲ್ಲಿ ಹನ್ನೆರಡು ಗಂಟೆ ದುಡಿಸುತ್ತಾರೆ.

ಹಾಗಾದರೆ ಈ ಹುಡುಗನಿಗೆ ಪರಿಹಾರ ಕೊಡುವವರು ಯಾರು? ಷೆಡ್ಡಿನ ಮಾಲಿಕ, “ಅವನು ಬಿಟ್ಟುಹೋದವನು, ಇಲ್ಲಿಯೇ ಕೆಟ್ಟಿತೆಂಬುದಕ್ಕೆ ಪುರಾವೆಯೇನು?” ಎನ್ನುತ್ತಾನೆ. ಹೋಟೆಲಿನ ಧನಿ, “ಕೆಡಿಸಿದವನು ನಾನಲ್ಲ, ನಾನೇಕೆ ಹೊರಲಿ?” ಎನ್ನುತ್ತಾರೆ. ಇಬ್ಬರ ಮಾತಿಗೂ ಉತ್ತರ ನಮ್ಮಲ್ಲಿಲ್ಲ. ಏಕೆಂದರೆ ಕೆಲಸಕ್ಕೆ ಸೇರುವಾಗ ಅವನ ಕಿವಿ ಹೇಗಿತ್ತೆಂದು ಯಾರೂ ಪರೀಕ್ಷಿಸಿ ಬರೆದಿಡಲಿಲ್ಲ. ಕೈ ಮುರಿದರೆ ಕಾಣುತ್ತದೆ, ರಕ್ತ ಸುರಿದರೆ ಕಾಣುತ್ತದೆ. ಕಿವಿ ಸದ್ದಿಲ್ಲದೆ ಸಾಯುತ್ತದೆ. ಆದುದರಿಂದ ಅದಕ್ಕೆ ಕಾಗದದ ಮೇಲಿನ ಲೆಕ್ಕವೇ ಸಾಕ್ಷಿ.

ನಮ್ಮ ತಪ್ಪುಗಳನ್ನೂ ಹೇಳಬೇಕು. 2003ರಲ್ಲಿ ನಾನು ಹುಡುಗನಾಗಿ ಹೋಟೆಲು ಸೇರಿದಾಗ, ಗ್ಲಾಸು ಒಡೆದದ್ದಕ್ಕೆ ಹಿರಿಯ ಭಟ್ಟರೊಬ್ಬರು ಕಿವಿಯ ಮೇಲೆಯೇ ಬಾರಿಸಿದರು. ಪೊರೆ ಹರಿದು ತಿಂಗಳುಗಟ್ಟಲೆ ಕೀವು ಸುರಿಯಿತು. ಹೊಡೆದವರು ಮಾಲಿಕರಲ್ಲ, ನಮ್ಮವರೇ. ಅಂಗೈಯ ಏಟಿಗೆ ಓಣಿಯೊಳಗಿನ ಗಾಳಿಯೇ ಒತ್ತಿಬಂದು ಪೊರೆಯನ್ನು ಒಡೆಯುತ್ತದೆಂದು ಆಗ ಯಾರಿಗೆ ತಿಳಿದಿತ್ತು? ಈಗ ತಿಳಿಯಿತು; ಇನ್ನು ಆ ಕೈ ಏಳಬಾರದು. ಕಿವಿಗೆ ಕಡ್ಡಿ ಹಾಕುವುದು, ಕಾಯಿಸಿದ ಎಣ್ಣೆ ಹೊಯ್ಯುವುದು, ರಸ್ತೆಬದಿಯಲ್ಲಿ ಕಿವಿ ತೆಗೆಸುವುದು ನಿಲ್ಲಬೇಕು. ಷೆಡ್ಡಿನಲ್ಲಿ ಬಿರಡೆ ಕೊಟ್ಟರೆ “ಸೆಕೆಗೆ ತುರಿಕೆ” ಎಂದು ಕಿಸೆಯಲ್ಲಿಡುವುದೂ ನಿಲ್ಲಬೇಕು. ಬರಿಯ ಹತ್ತಿಯ ಉಂಡೆಯಿಂದ ಪ್ರಯೋಜನ ಅಲ್ಪ; ಮೆತ್ತನೆಯ ಬಿರಡೆಯನ್ನು ಹೊಸೆದು ಸಣ್ಣದು ಮಾಡಿ, ಕಿವಿಯನ್ನು ಮೇಲಕ್ಕೆ ಎಳೆದು ಒಳಗಿಡಬೇಕು.

ನಮ್ಮ ಬೇಡಿಕೆ ಮೂರು. ಗದ್ದಲದ ಕೆಲಸಕ್ಕೆ ಸೇರುವಾಗಲೂ, ಆಮೇಲೆ ವರ್ಷಕ್ಕೊಮ್ಮೆಯೂ ಮಾಲಿಕರ ಖರ್ಚಿನಲ್ಲಿ ಕಿವಿಯ ಪರೀಕ್ಷೆಯಾಗಿ ಅದರ ಚೀಟಿ ಕಾರ್ಮಿಕನ ಕೈಗೆ ಬರಬೇಕು. ಸಡಿಲವಾದ, ಎಣ್ಣೆ ಕಾಣದ ಯಂತ್ರಗಳನ್ನು ದುರಸ್ತಿ ಮಾಡಿ, ಬಿರಡೆ ಕೊಟ್ಟು, ಪಾಳಿಯ ಹೊತ್ತನ್ನು ಕಾಯಿದೆಯ ಮಿತಿಗೆ ತರಬೇಕು. ಕಿವಿ ಮಂದವೆಂಬ ಕಾರಣಕ್ಕೆ ಯಾರನ್ನೂ ಕೆಲಸದಿಂದ ತೆಗೆಯಬಾರದು. ಬಾಂದ್ರಾದಲ್ಲಿ 1983ರಲ್ಲಿ ಸ್ಥಾಪನೆಯಾದ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ ಶ್ರವಣದೋಷದ ಕೆಲಸಕ್ಕೆಂದೇ ಇದೆ. ಊರ ಕಡೆ ಮೈಸೂರಿನಲ್ಲಿ 1965ರಿಂದ ವಾಕ್ ಶ್ರವಣ ಸಂಸ್ಥೆಯಿದೆ. ಸದಸ್ಯರೆಲ್ಲರ ಕಿವಿಯ ಪರೀಕ್ಷೆಗೆ ನಮ್ಮ ಸಂಘ ಬಾಂದ್ರಾದ ಸಂಸ್ಥೆಗೆ ಪತ್ರ ಬರೆಯಬೇಕೆಂದು ಬರುವ ಸಭೆಯಲ್ಲಿ ಠರಾವು ತರುತ್ತೇನೆ. ಹಿರಿಯರಿಗೆ ಅದನ್ನು ಓದಿ ಹೇಳುವುದಲ್ಲದೆ, ದಪ್ಪಕ್ಷರದಲ್ಲಿ ಬರೆದೂ ಕೊಡೋಣ.

ಹುಡುಗನ ಸಂಗತಿ ಏನಾಯಿತೆಂದು ಕೇಳುವಿರಿ. ಪರೀಕ್ಷೆಯ ಚೀಟಿ ಹಿಡಿದುಕೊಂಡು ಮೂವರು ಹೋಗಿ ಧನಿಗಳೊಡನೆ ಮಾತಾಡಿದೆವು. ಒಂದು ತಾಸು ವಾದವಾಯಿತು. ಕೊನೆಗೆ ಅವರು ಒಪ್ಪಿದರು: ನಂಬರನ್ನು ಕೂಗುವುದಲ್ಲದೆ ಚೀಟಿಯಲ್ಲಿ ಬರೆದು ತಟ್ಟೆಯೊಡನೆ ಇಡುವುದು. ಹುಡುಗ ಕೆಲಸಕ್ಕೆ ಮರಳಿದ್ದಾನೆ. ಏಳನೆಯ ಮೇಜಿನ ದೋಸೆ ಏಳಕ್ಕೇ ಹೋಗುತ್ತಿದೆ. ಇಷ್ಟಕ್ಕೆ ಬೇಕಾದದ್ದು ಒಂದು ಪೆನ್ಸಿಲು. ಆದರೆ ಭಿವಂಡಿಯಲ್ಲಿ ಕಳೆದುಹೋದ ಅವನ ಕಿವಿಯ ಬಾಕಿ ಇನ್ನೂ ಯಾರ ಖಾತೆಯಲ್ಲಿಯೂ ಜಮೆಯಾಗಿಲ್ಲ. ಅದನ್ನು ಕೇಳುವ ಕೆಲಸ ನಮ್ಮೆಲ್ಲರದು.