ಹಿತ್ತಲ ಕೋಳಿಗೆ ಅಜೋಲಾ: ಮೊದಲು ನೀರು ನೋಡಿ

ಹಿತ್ತಲಲ್ಲಿ ಜವಾರಿ ಕೋಳಿ ಸಾಕಿದವರ ಮೊಬೈಲಿಗೆಲ್ಲ ಈಗ ಅಜೋಲಾದ ವಿಡಿಯೊಗಳು ಬರುತ್ತಿವೆ. ನೀರಿನ ಮೇಲೆ ತೇಲುವ ಆ ಪುಟ್ಟ ಹಸಿರು ಸಸ್ಯವನ್ನು ಹೊಂಡಕ್ಕೆ ಬಿಟ್ಟರೆ ವಾರದಲ್ಲಿ ಎರಡರಷ್ಟಾಗುತ್ತದೆ, ಆಮೇಲೆ ಕೋಳಿಗೆ ಕಾಳೇ ಬೇಡ ಎನ್ನುತ್ತಾರೆ. ಮೊದಲ ಮಾತು ನಿಜ. ಎರಡನೆಯದನ್ನು ನಂಬಿದರೆ ಕೋಳಿ ಸೊರಗುತ್ತದೆ. ಇವೆರಡಕ್ಕಿಂತ ಮುಖ್ಯವಾದ ಪ್ರಶ್ನೆಯನ್ನು ನಾನು ನೋಡಿದ ಯಾವ ವಿಡಿಯೊವೂ ಎತ್ತಿಲ್ಲ: ಆ ಸಸ್ಯ ಬೆಳೆಯುವ ನೀರು ಎಂಥದ್ದು?

ದೇವದುರ್ಗ, ಮಾನ್ವಿ ತಾಲ್ಲೂಕುಗಳ ಪಶು ಆಸ್ಪತ್ರೆಗಳಲ್ಲಿ ಪರೀಕ್ಷಕನಾಗಿದ್ದು ನಿವೃತ್ತನಾದವನು ನಾನು. ಹಳ್ಳಿಯವರ ಬಾಯಲ್ಲಿ ‘ದನದ ಡಾಕ್ಟ್ರು’. ಈಗ ರಾಯಚೂರು ನಗರದಲ್ಲಿದ್ದೇನೆ. ಹಿತ್ತಲಲ್ಲಿ ಕೋಳಿಗಳಿವೆ, ಬೇವಿನ ಮರದ ನೆರಳಲ್ಲಿ ಒಂದು ಅಜೋಲಾ ಹೊಂಡವಿದೆ. ಹಳೆಯ ಪರಿಚಯದವರು ಇವತ್ತಿಗೂ ಫೋನ್ ಮಾಡುತ್ತಾರೆ. ಕಳೆದ ಮಳೆಗಾಲದಲ್ಲಿ ದೇವದುರ್ಗದ ಕಡೆಯ ಹೆಣ್ಣುಮಗಳೊಬ್ಬರು ಕೇಳಿದರು: “ಡಾಕ್ಟ್ರ, ನಮ್ಮೂರ ಕೆರಿಯಾಗ ಅಂಥದ್ದೇ ಹಸರ ತೇಲಾಕತ್ತೈತ್ರಿ. ರೊಕ್ಕ ಕೊಟ್ಟು ಯಾಕ ತರಬೇಕು? ಬುಟ್ಟಿ ತುಂಬಿಕೊಂಡು ಬಂದು ಕೋಳಿಗೆ ಹಾಕಿದ್ರ ನಡಿಯಂಗಿಲ್ಲೇನ್ರಿ?” ಬ್ಯಾಡವ್ವ, ಮುಟ್ಟಬ್ಯಾಡ್ರಿ ಎಂದೆ. ಫೋನಿನಲ್ಲಿ ಪೂರ್ತಿ ಹೇಳಲಾಗದ ಕಾರಣವನ್ನು ಇಲ್ಲಿ ಬರೆಯುತ್ತಿದ್ದೇನೆ.

ಅಜೋಲಾ ಆಗಲಿ, ಕೆರೆಯಲ್ಲಿ ಅದರ ಜೊತೆಗೇ ಕಾಣುವ ಸಣ್ಣೆಲೆಯ ಲೆಮ್ನಾ ಆಗಲಿ, ನೀರಿನಲ್ಲಿ ಕರಗಿರುವುದನ್ನು ಹೀರಿಕೊಂಡೇ ಬೆಳೆಯುತ್ತವೆ. ಒಳ್ಳೆಯದು, ಕೆಟ್ಟದ್ದು ಎಂದು ಆರಿಸುವುದಿಲ್ಲ. ಕೊಳಚೆ ನೀರಿನಿಂದ ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್ ತೆಗೆಯಲು ವಿಜ್ಞಾನಿಗಳು ಪ್ರಯೋಗಿಸುವುದು ಇವೇ ಸಸ್ಯಗಳನ್ನು. ನೀರಿನಲ್ಲಿ ಇದ್ದದ್ದಕ್ಕಿಂತ ಹಲವು ಪಟ್ಟು ಲೋಹ ಇವುಗಳ ಮೈಯಲ್ಲಿ ಕೂಡುತ್ತದೆ. ಅಂಥ ಸಸ್ಯವನ್ನು ದಿನವೂ ತಿಂದ ಕೋಳಿಯ ಲಿವರಿಗೂ ತತ್ತಿಗೂ ಅದು ಸೇರುತ್ತದೆ. ಆ ತತ್ತಿ ತಿನ್ನುವವರು ನಮ್ಮ ಮನೆಯ ಮಕ್ಕಳು.

ಬೇರೆ ಜಿಲ್ಲೆಯವರಿಗೆ ಇದು ಅತಿಯಾದ ಭಯ ಅನ್ನಿಸಬಹುದು. ನಮ್ಮ ಜಿಲ್ಲೆಯ ನೀರು ಬಲ್ಲವರಿಗೆ ಹಾಗನ್ನಿಸದು. ದೇವದುರ್ಗ, ಮಾನ್ವಿ ಕಡೆಯ ಎಷ್ಟೋ ಬೋರ್‌ಗಳಲ್ಲಿ ಫ್ಲೋರೈಡ್ ಹೆಚ್ಚು. ಹಲ್ಲು ಕಂದುಗಟ್ಟಿದ ಮಕ್ಕಳನ್ನು ಊರೂರಲ್ಲಿ ನೋಡಿದ್ದೇನೆ. ಹಟ್ಟಿ ಚಿನ್ನದ ಗಣಿಯ ಸುತ್ತಲಿನ ಬಂಡೆಗಳಲ್ಲಿ ಚಿನ್ನದ ಜೊತೆ ಆರ್ಸೆನಿಕ್ ಕೂಡ ಇದೆ. ಕೃಷ್ಣೆಯ ಆಚೆ ದಡದ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲಿ ಬೋರ್ ನೀರಿನ ಆರ್ಸೆನಿಕ್‌ನಿಂದ ಜನರ ಮೈಮೇಲೆ ಕಲೆ, ಅಂಗೈಯಲ್ಲಿ ಗಂಟುಗಳೆದ್ದದ್ದು ದಾಖಲಾಗಿರುವ ಸಂಗತಿ. ಕುಡಿಯುವ ನೀರಿನ ಲೀಟರಿಗೆ ಆರ್ಸೆನಿಕ್ 0.01 ಮಿಲಿಗ್ರಾಂ ಮೀರಬಾರದು ಎನ್ನುತ್ತದೆ ನಮ್ಮ ದೇಶದ ಮಾನದಂಡ. ಅದಕ್ಕೆ ಬಣ್ಣವಿಲ್ಲ, ರುಚಿಯಿಲ್ಲ. ಕಣ್ಣಿಗೆ ತಿಳಿಯಾದ ನೀರು ಎಂದು ನಂಬುವಂತಿಲ್ಲ.

ಮಾನ್ವಿಯ ಕಥೆ ಬೇರೆ. ಅಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ಭತ್ತವೋ ಭತ್ತ. ಗದ್ದೆಯಲ್ಲಿ ಅಜೋಲಾ ತಾನಾಗಿಯೇ ಹಬ್ಬಿರುವುದೂ ಉಂಟು. ಭತ್ತಕ್ಕೆ ಸಾರಜನಕ ಕೊಡುವ ಹಸಿರು ಗೊಬ್ಬರವಾಗಿ ಅದು ಬಹಳ ಒಳ್ಳೆಯದು. ಆದರೆ ಕಳೆನಾಶಕ, ಕೀಟನಾಶಕ ಹೊಡೆದ ಗದ್ದೆಯಿಂದ ಅದನ್ನು ಬಾಚಿ ತಂದು ಕೋಳಿಗೆ ಹಾಕಬಾರದು. ರಾಯಚೂರು ನಗರದ ಮಾವಿನಕೆರೆಗೆ ಚರಂಡಿ ನೀರು ಸೇರುತ್ತದೆ. ಅಲ್ಲಿನ ಹಸಿರಿನ ಮಾತೇ ಬೇಡ. ಶಕ್ತಿನಗರದ ಸುತ್ತ ಇರುವವರು ಬೂದಿ ಹಾರಿ ಬೀಳುವ ಕಡೆ ಹೊಂಡ ತೆಗೆಯದಿರಲಿ, ಕಲ್ಲಿದ್ದಲ ಬೂದಿಯಲ್ಲೂ ಇವೇ ಲೋಹಗಳಿವೆ. ಕೆರೆಯ ಸಸ್ಯದ ಜೊತೆ ಬಸವನಹುಳು ಬರುತ್ತವೆ, ಅವುಗಳ ಮೂಲಕ ಕೋಳಿಯ ಹೊಟ್ಟೆಗೆ ಜಂತು ಸೇರುತ್ತದೆ. ವಲಸೆ ಬಾತುಗಳು ಇಳಿಯುವ ಕೆರೆಯಾದರೆ ಹಕ್ಕಿಜ್ವರದ ಭಯವೂ ಇದೆ. 2025ರ ಫೆಬ್ರುವರಿಯಲ್ಲಿ ಪಕ್ಕದ ಆಂಧ್ರದ ಗೋದಾವರಿ ಜಿಲ್ಲೆಗಳಲ್ಲಿ ಆ ರೋಗ ಬಂದು ಕೋಳಿಗಳು ರಾಶಿ ರಾಶಿ ಸತ್ತಾಗ ನಮ್ಮ ಗಡಿಯಲ್ಲೂ ಕಾವಲು ಹಾಕಬೇಕಾಯಿತು.

ಇಷ್ಟೆಲ್ಲ ಹೇಳಿದರೂ ಅಜೋಲಾ ಬಿಟ್ಟುಬಿಡಿ ಎನ್ನಲಾರೆ. ನಮ್ಮ ಕೋಳಿಗಳಿಗೆ ಅದರ ಅಗತ್ಯವಿದೆ. ರಾಯಚೂರಿನ ಅಕ್ಕಿ ಗಿರಣಿಗಳಿಂದ ನುಚ್ಚು, ತೌಡು ಅಗ್ಗಕ್ಕೆ ಸಿಗುತ್ತವೆ, ಪ್ರೋಟೀನಿಗೆ ಏನು ಮಾಡುವುದು? ಹತ್ತಿಯ ಸೀಮೆಯಾದ್ದರಿಂದ ಹತ್ತಿಕಾಳಿನ ಹಿಂಡಿ ಕೈಗೆ ಸಿಗುತ್ತದೆ, ಆದರೆ ಅದರಲ್ಲಿರುವ ಗಾಸಿಪಾಲ್ ಎಂಬ ವಿಷ ಕೋಳಿಗೆ ಆಗುವುದಿಲ್ಲ; ತತ್ತಿಯ ಬಂಡಾರವೇ ಪಾಚಿಬಣ್ಣಕ್ಕೆ ತಿರುಗುತ್ತದೆ. ಬೂಸ್ಟು ಹಿಡಿದ ಮೆಕ್ಕೆಜೋಳ, ಶೇಂಗಾ ಹಿಂಡಿಯಲ್ಲಿ ಅಫ್ಲಾಟಾಕ್ಸಿನ್ ಇರುತ್ತದೆ. ಇವುಗಳ ನಡುವೆ, ನಮ್ಮ ಕಣ್ಣೆದುರೇ ಬೆಳೆದ ಒಂದು ಹಿಡಿ ಹಸಿರು ದೊಡ್ಡ ಆಸರೆ.

ಹೊಂಡ ಆರಡಿ ಉದ್ದ, ನಾಲ್ಕಡಿ ಅಗಲ ಇದ್ದರೆ ಸಾಕು. ಸುತ್ತ ಇಟ್ಟಿಗೆ ಜೋಡಿಸಿ ಸಿಲ್ಪಾಲಿನ್ ಹಾಳೆ ಹಾಸಬೇಕು. ಮಣ್ಣಿನ ಉಪ್ಪು, ಅಕ್ಕಪಕ್ಕದ ಕೊಳೆ ಒಳಗೆ ಇಳಿಯದಂತೆ ತಡೆಯುವುದೇ ಆ ಹಾಳೆ. ಜರಡಿ ಹಿಡಿದ ಮಣ್ಣು ಹತ್ತು ಕೆಜಿ, ನೀರಲ್ಲಿ ಕದಡಿದ ಹಸಿ ಸಗಣಿ ಎರಡು ಕೆಜಿ, ಒಂದು ಮುಷ್ಟಿಗೂ ಕಡಿಮೆ ಸೂಪರ್ ಫಾಸ್ಫೇಟ್, ಮೇಲೆ ನಾಲ್ಕು ಇಂಚು ನೀರು. ಅರ್ಧ ಕೆಜಿ ಶುದ್ಧವಾದ ಅಜೋಲಾ ಬಿಟ್ಟರೆ ಎರಡು ವಾರದ ನಂತರ ದಿನಕ್ಕೆ ಅರ್ಧ ಕೆಜಿಯ ಆಸುಪಾಸು ತೆಗೆಯಬಹುದು. ದನಕ್ಕೆ ಔಷಧ ಕೊಟ್ಟ ದಿನಗಳ ಸಗಣಿ ಬೇಡ. ತೆಗೆದದ್ದನ್ನು ಬೇರೆ ನೀರಿನಲ್ಲಿ ಮೂರು ಸಲ ತೊಳೆಯಬೇಕು. ಸಗಣಿ ವಾಸನೆ ಉಳಿದರೆ ಕೋಳಿ ಮೂಸಿಯೂ ನೋಡುವುದಿಲ್ಲ. ಸೊಳ್ಳೆಮರಿಗೆ ಗಪ್ಪಿ ಮೀನು ಬಿಡಿ.

ಆ ನಾಲ್ಕು ಇಂಚು ನೀರೆಂದರೆ ಸುಮಾರು 225 ಲೀಟರ್. ಅದನ್ನು ಎಲ್ಲಿಂದ ತರಬೇಕು ಎಂಬಲ್ಲಿಗೆ ಮತ್ತೆ ಬಂದೆವು. ನಮ್ಮ ಬಿಸಿಲಿಗೆ ಹೊಂಡದಿಂದ ದಿನಕ್ಕೊಂದು ಕೊಡ ನೀರು ಆವಿಯಾಗಿ ಹೋಗುವ ಕಾಲವಿದೆ. ಹೋಗುವುದು ನೀರು ಮಾತ್ರ. ಅದರ ಉಪ್ಪು, ಫ್ಲೋರೈಡ್, ಆರ್ಸೆನಿಕ್ ಹೊಂಡದಲ್ಲೇ ಉಳಿಯುತ್ತವೆ. ಮತ್ತೆ ಬೋರ್ ನೀರು ಸುರಿದರೆ ಇನ್ನಷ್ಟು ಸೇರುತ್ತವೆ. ಅಲ್ಪಸ್ವಲ್ಪ ಕೆಟ್ಟ ನೀರೂ ಹೀಗೆ ತಿಂಗಳೊಪ್ಪತ್ತಿನಲ್ಲಿ ಬಹಳ ಕೆಟ್ಟ ನೀರಾಗುತ್ತದೆ. ಅದಕ್ಕೇ ಹತ್ತು ದಿನಕ್ಕೊಮ್ಮೆ ಕಾಲುಭಾಗ ನೀರು ಹೊರಹಾಕಿ ಹೊಸದು ತುಂಬುವುದನ್ನು ತಪ್ಪಿಸಬಾರದು. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ಅಜೋಲಾ ಕೆಂಪಾಗಿ ಸಾಯತೊಡಗುತ್ತದೆ. ಹೆಣ್ಣುಮಕ್ಕಳು ಕೊಡ ಹಿಡಿದು ಸಾಲುಗಟ್ಟುವ ಆ ದಿನಗಳಲ್ಲಿ ಹೊಂಡ ನಿಲ್ಲಿಸುವುದೇ ಸರಿ. ಬೀಜಕ್ಕೆ ಒಂದು ಬಾನಿಯಷ್ಟು ನೆರಳಲ್ಲಿ ಉಳಿಸಿಕೊಂಡರೆ ಸಾಕು.

ಕಾಳು ಬೇಡ ಎನ್ನುವವರಿಗೆ ಒಂದು ಲೆಕ್ಕ. ಹಸಿ ಅಜೋಲಾದಲ್ಲಿ ನೂರಕ್ಕೆ 94 ಪಾಲಿನಷ್ಟು ನೀರು. ಒಣಗಿದ ಉಳಿಕೆಯಲ್ಲಿ ಕಾಲು ಪಾಲಿನಷ್ಟು ಪ್ರೋಟೀನ್. ಅಂದರೆ 100 ಗ್ರಾಂ ಹಸಿ ಅಜೋಲಾ ತಿಂದ ಕೋಳಿಗೆ ಸಿಗುವ ಪ್ರೋಟೀನ್ ಒಂದೂವರೆ ಗ್ರಾಂ ಮಾತ್ರ. ನುಚ್ಚು, ಸಜ್ಜೆ, ಜೋಳ ಇರಲೇಬೇಕು, ಕೆದರಿ ತಿನ್ನಲು ನೆಲ ಬೇಕು, ತತ್ತಿಯ ಸಿಪ್ಪೆ ಗಟ್ಟಿಯಾಗಲು ಸುಣ್ಣದ ಅಂಶ ಬೇಕು. ಅಜೋಲಾ ಇವುಗಳ ಜೊತೆಗಿನ ಪಲ್ಯ.

2021ರ ಡಿಸೆಂಬರಿನಲ್ಲಿ ಶಾಲೆಯ ಬಿಸಿಯೂಟಕ್ಕೆ ತತ್ತಿ ಸೇರಿಸಿದಾಗ ಸರ್ಕಾರ ಮೊದಲು ಆರಿಸಿಕೊಂಡ ಏಳು ಜಿಲ್ಲೆಗಳಲ್ಲಿ ರಾಯಚೂರೂ ಒಂದು. ನಮ್ಮ ಮಕ್ಕಳ ಅಪೌಷ್ಟಿಕತೆಯೇ ಅದಕ್ಕೆ ಕಾರಣ. ಶಾಲೆಯಿಲ್ಲದ ದಿನಕ್ಕೂ ಮನೆಯ ಹ್ಯಾಟೆಯ ತತ್ತಿ ಸಿಗಬೇಕು ಎಂಬುದು ನನ್ನ ಆಸೆ. ಆದ್ದರಿಂದ ಅಜೋಲಾ ಹಂಚುವವರಲ್ಲಿ, ಅದು ಇಲಾಖೆಯಿರಲಿ, ಕೃಷಿ ವಿಜ್ಞಾನ ಕೇಂದ್ರವಿರಲಿ, ಸಂಘಸಂಸ್ಥೆಯಿರಲಿ, ನನ್ನ ಬೇಡಿಕೆ ಇಷ್ಟು: ಹಾಳೆ, ಬೀಜ ಕೊಡುವ ಮುನ್ನ ಆ ಊರಿನ ನೀರಿನ ಪರೀಕ್ಷೆ ಮಾಡಿಸಿ, ಫಲಿತಾಂಶವನ್ನು ಪಂಚಾಯ್ತಿ ಗೋಡೆಗೆ ಹಚ್ಚಿ. ಹಳ್ಳಿಯಲ್ಲಿ ಜಾನುವಾರು ಆರೈಕೆಗೆ ನೆರವಾಗುವ ಪಶುಸಖಿಯರಿಗೆ ಅದನ್ನು ಓದಲು ಕಲಿಸಿ. ಫ್ಲೋರೈಡ್, ನೈಟ್ರೇಟ್ ನೋಡುವ ಕಿಟ್ ಹಳ್ಳಿಗೆ ಬಂದರೆ ಸಾಲದು. ದೇವದುರ್ಗದ ಕಡೆ ಆರ್ಸೆನಿಕ್ ಪ್ರಯೋಗಾಲಯದಲ್ಲೇ ಪರೀಕ್ಷೆಯಾಗಬೇಕು.

ಪರೀಕ್ಷೆಯ ಆ ಕಾಗದ ಕೈಗೆ ಬರುವವರೆಗೆ ಮಳೆನೀರೇ ಗತಿ. ಹತ್ತಡಿಗೆ ಹತ್ತಡಿಯ ತಗಡಿನ ಮೇಲೆ 25 ಮಿಲಿಮೀಟರ್ ಮಳೆ ಬಿದ್ದರೆ ಹೊಂಡ ತುಂಬುವಷ್ಟು ನೀರು ಸಿಗುತ್ತದೆ. ಜೂನ್‌ನಲ್ಲಿ ತಗಡು ತೊಳೆದು ಹೋಗುವಂತೆ ಮೊದಲ ಮಳೆಯನ್ನು ಬಿಟ್ಟುಬಿಡಿ, ಎರಡನೆಯದನ್ನು ಹಿಡಿದು ಡ್ರಮ್ಮಿನಲ್ಲಿ ಮುಚ್ಚಿಡಿ. ದೇವದುರ್ಗದ ಆ ತಾಯಿಗೂ ಇದನ್ನೇ ಮಾಡಲು ಹೇಳಿದ್ದೇನೆ. ಮಳೆ ಶುರುವಾದ ಮೇಲೆ ಬಂದರೆ ನನ್ನ ಹೊಂಡದಿಂದಲೇ ಬೀಜ ಕೊಡುತ್ತೇನೆ.